ಒಗರು ಪಕ್ವವಾಗುವ ತನಕ: ಪೊಯಾಕ್‌ನ ಹಳೆಯ ಕೆಂಪು ವೈನನ್ನು ಸವಿಯುವ ಬಗೆ

ಷಡ್ರಸಗಳನ್ನು ಎಣಿಸುವಾಗ ನಮ್ಮಲ್ಲಿ ಕೊನೆಗೆ ಬರುವುದು ಒಗರು. ಎಳೆಯ ಅಡಿಕೆ, ಅಳಲೆಕಾಯಿ, ಬಾಳೆಕಾಯಿಯ ಸಿಪ್ಪೆ, ಪೂರ್ತಿ ಹಣ್ಣಾಗದ ನೇರಳೆ, ಇವನ್ನು ಕಚ್ಚಿದಾಗ ನಾಲಗೆ ಒಣಗಿ, ಒಸಡು ಬಿಗಿದು, ಕೆನ್ನೆಯ ಒಳಬದಿ ಒರಟಾದಂತೆ ಆಗುವ ಆ ಅನುಭವಕ್ಕೆ ಕನ್ನಡದ ಮಕ್ಕಳ ಬಾಯಲ್ಲೂ ಒಂದು ಹೆಸರಿದೆ. ಫ್ರಾನ್ಸಿನ ಬೋರ್ದೊ ಪ್ರಾಂತ್ಯದ ದೊಡ್ಡ ಕೆಂಪು ವೈನುಗಳನ್ನು ಮೊದಲ ಬಾರಿ ಕುಡಿದವರು ‘ಕಹಿ’ ಎಂದು ಮುಖ ಸಿಂಡರಿಸುವುದು ಬಹುಪಾಲು ಈ ಒಗರಿಗೇ. ಕಹಿಯೂ ಒಗರೂ ಬೇರೆ ಬೇರೆ ಎಂಬುದು ನಮಗೆ ಹೊಸದಾಗಿ ಕಲಿಯಬೇಕಾದ ಸಂಗತಿಯಲ್ಲ. ಅದನ್ನು ಗ್ಲಾಸಿನ ಮುಂದೆ ನೆನಪಿಸಿಕೊಳ್ಳಬೇಕು, ಅಷ್ಟೆ. ಇಂಥ ವೈನನ್ನು 20 ವರ್ಷ ಕತ್ತಲಲ್ಲಿ ಮಲಗಿಸಿಡುವುದು ಏಕೆ, ತೆರೆದ ಮೇಲೆ ಅದರಲ್ಲಿ ಏನನ್ನು ಹುಡುಕಬೇಕು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಒಗರಿನ ಸುತ್ತಲೇ ಸಿಗುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಈ ಮಾರ್ಗದರ್ಶಿ ಆ ಜಾಡನ್ನೇ ಹಿಡಿದು ಸಾಗುತ್ತದೆ. ಉದಾಹರಣೆಗೆ ಆರಿಸಿಕೊಂಡಿರುವುದು ಪೊಯಾಕ್ ಎಂಬ ಊರಿನ ವೈನುಗಳನ್ನು, ಅದರಲ್ಲೂ ಶಾತೊ ಲಾತೂರ್ ಎಂಬ ತೋಟದ್ದನ್ನು.

ಬಾಟಲಿಯ ಹಿಂದಿರುವ ನೆಲ

ನೈಋತ್ಯ ಫ್ರಾನ್ಸಿನಲ್ಲಿ ಗರೋನ್ ಮತ್ತು ದೋರ್ದೋನ್ಯ್ ನದಿಗಳು ಕೂಡಿ ಜಿರೋಂದ್ ಎಂಬ ಅಗಲವಾದ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಆ ಅಳಿವೆಯ ಎಡದಂಡೆಯ ನಾಲಗೆಯಂಥ ಭೂಭಾಗ ಮೆದೋಕ್. ಹದಿನೇಳನೆಯ ಶತಮಾನದಲ್ಲಿ ಡಚ್ ಎಂಜಿನಿಯರುಗಳು ಬಂದು ಕಾಲುವೆ ತೋಡಿ ನೀರು ಬಸಿಯುವವರೆಗೆ ಅದರ ಬಹುಭಾಗ ಜೌಗು. ನೀರು ಇಳಿದ ಮೇಲೆ ಬೆಲೆ ಬಂದದ್ದು ನದಿಗಳು ಯುಗಯುಗಗಳಿಂದ ಉರುಳಿಸಿ ತಂದು ಗುಡ್ಡೆಹಾಕಿದ್ದ ಜಲ್ಲಿಕಲ್ಲಿನ ದಿಬ್ಬಗಳಿಗೆ. ಜಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ, ಹಗಲಿನ ಬಿಸಿಲನ್ನು ಕಲ್ಲುಗಳು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುತ್ತವೆ. ತಡವಾಗಿ ಹಣ್ಣಾಗುವ ಕಾಬರ್ನೆ ಸೋವಿನ್ಯೋನ್ ದ್ರಾಕ್ಷಿಗೆ ಆ ತಂಪು ನಾಡಿನಲ್ಲಿ ಬೇಕಾದದ್ದು ಇದೇ. ಅತ್ಯುತ್ತಮ ತೋಟಗಳಿಗೆ ನದಿ ಕಾಣಿಸಬೇಕು ಎಂಬುದು ಮೆದೋಕ್‌ನವರ ಹಳೆಯ ಮಾತು. ಲಾತೂರ್ ತೋಟದ ಹೃದಯಭಾಗವಾದ, ‘ಲಾಂಕ್ಲೊ’ ಎಂದು ಕರೆಯುವ ಸುಮಾರು 47 ಹೆಕ್ಟೇರಿನ ನೆಲದಿಂದ ಅಳಿವೆಯ ನೀರು ಕೆಲವೇ ನೂರು ಮೀಟರು ದೂರ. ಅಷ್ಟು ದೊಡ್ಡ ನೀರಿನ ಮೈ ಪಕ್ಕದಲ್ಲಿರುವುದರಿಂದ ಹಿಮ ಬಿದ್ದು ಬಳ್ಳಿ ಸುಡುವ ಅಪಾಯವೂ ಅಲ್ಲಿ ಕಡಿಮೆ. ಜಲ್ಲಿಯ ಕೆಳಗಿರುವ ಜೇಡಿಮಣ್ಣು ಒಣ ಬೇಸಿಗೆಯಲ್ಲಿ ಬೇರಿಗೆ ತೇವ ಕೊಡುತ್ತದೆ. ಹೆಸರು ಕೇಳಿ ಮಹಾರಾಷ್ಟ್ರದ ಲಾತೂರು ನೆನಪಾದರೆ ತಪ್ಪಿಲ್ಲ, ಆದರೆ ಇಲ್ಲಿ ‘ಲಾ ತೂರ್’ ಎಂದರೆ ಗೋಪುರ. ನೂರು ವರ್ಷಗಳ ಯುದ್ಧದ ಕಾಲದಲ್ಲಿ ಅಲ್ಲೊಂದು ಕಾವಲುಗೋಪುರವಿತ್ತು. ಇಂದು ತೋಟದಲ್ಲಿ ಕಾಣುವ ದುಂಡನೆಯ ಕಟ್ಟಡ ಮಾತ್ರ ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಪಾರಿವಾಳದ ಗೂಡು.

ಕಾಬರ್ನೆ ಸೋವಿನ್ಯೋನ್‌ನ ಕಾಳು ಚಿಕ್ಕದು, ಸಿಪ್ಪೆ ದಪ್ಪ, ತಿರುಳಿಗೆ ಹೋಲಿಸಿದರೆ ಬೀಜದ ಪಾಲು ಹೆಚ್ಚು. ಒಗರು ಕೊಡುವ ಟ್ಯಾನಿನ್ ಇರುವುದು ಸಿಪ್ಪೆ ಮತ್ತು ಬೀಜದಲ್ಲಿ. ರಸವನ್ನು ವಾರಗಟ್ಟಲೆ ಸಿಪ್ಪೆಯೊಡನೆಯೇ ಹುದುಗಿಸುವುದರಿಂದ ಅದೂ ಬಣ್ಣವೂ ವೈನಿಗೆ ಇಳಿಯುತ್ತವೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಗಂದು ಚೊಗರನ್ನು ಕಂಡವರಿಗೆ ಬಣ್ಣವೂ ಒಗರೂ ಜೊತೆಜೊತೆಯಾಗಿ ಬರುವ ಈ ಪರಿ ಹೊಸದೆನಿಸದು. ಬಳಿಕ ವೈನು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಒಂದೂವರೆ ಎರಡು ವರ್ಷ ಕೂರುತ್ತದೆ. ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿಭಾಗವನ್ನು ಕಲಸಿ ಹಾಕಿ ವೈನನ್ನು ತಿಳಿಗೊಳಿಸುವುದು ಬೋರ್ದೊದ ಹಳೆಯ ಪದ್ಧತಿ: ಮೊಟ್ಟೆಯ ಪ್ರೋಟೀನು ಒರಟು ಟ್ಯಾನಿನ್ನನ್ನು ಹಿಡಿದುಕೊಂಡು ತಳಕ್ಕೆ ಇಳಿಯುತ್ತದೆ. ಪ್ರೋಟೀನು ಒಗರನ್ನು ಹಿಡಿಯುತ್ತದೆ ಎಂಬ ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಬಾಯಿಗೂ ಊಟಕ್ಕೂ ಅದು ಮುಂದೆ ಬೇಕಾಗುತ್ತದೆ.

ಬಾಟಲಿಯನ್ನು ಆರಿಸುವುದು

1855ರಲ್ಲಿ ಪ್ಯಾರಿಸಿನಲ್ಲಿ ನಡೆದ ಜಾಗತಿಕ ಪ್ರದರ್ಶನಕ್ಕಾಗಿ, ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ, ಬೋರ್ದೊದ ದಲ್ಲಾಳಿಗಳು ಅಲ್ಲಿನ ತೋಟಗಳನ್ನು ಐದು ದರ್ಜೆಗಳಲ್ಲಿ ಪಟ್ಟಿಮಾಡಿದರು. ಅಳತೆಗೋಲು ಬೇರೇನೂ ಅಲ್ಲ, ಬಹುಕಾಲದಿಂದ ಆ ವೈನುಗಳಿಗೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಬೆಲೆ. ಮೊದಲ ದರ್ಜೆಯಲ್ಲಿ ನಿಂತವು ಲಾಫೀತ್, ಲಾತೂರ್, ಮಾರ್ಗೊ ಮತ್ತು ಓ ಬ್ರಿಯೋಂ. 1973ರಲ್ಲಿ ಮೂತೋಂ ರಾಥ್‌ಶೀಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ಆ ಆದೇಶಕ್ಕೆ ಸಹಿ ಮಾಡಿದವರು ಆಗ ಕೃಷಿ ಸಚಿವರಾಗಿದ್ದು ಮುಂದೆ ಅಧ್ಯಕ್ಷರಾದ ಜಾಕ್ ಶಿರಾಕ್. ಈ ಐದರಲ್ಲಿ ಲಾಫೀತ್, ಲಾತೂರ್, ಮೂತೋಂ ಮೂರೂ ಪೊಯಾಕ್ ಎಂಬ ಆ ಒಂದು ಪುಟ್ಟ ಊರಿನವು. ಪಟ್ಟಿಯಲ್ಲಿರುವ 61 ಕೆಂಪು ವೈನುಗಳ ಪೈಕಿ 18 ಪೊಯಾಕ್‌ನವೇ.

ಮೊದಲ ದರ್ಜೆಯ ಬೆಲೆ ಸಾಮಾನ್ಯ ಸಂಬಳದವರ ಕೈಗೆ ಎಟುಕುವಂಥದ್ದಲ್ಲ, ನನ್ನ ಕೈಗೂ ಎಟುಕುವುದಿಲ್ಲ. ಆದರೆ ಅದೇ ಜಲ್ಲಿನೆಲ, ಅದೇ ದ್ರಾಕ್ಷಿ, ಅದೇ ರೀತಿಯ ಪೀಪಾಯಿಯಿಂದ ಬಂದ ಐದನೆಯ ದರ್ಜೆಯ ಗ್ರಾಂ ಪ್ವಿ ಲಾಕೋಸ್ತ್, ಬಾತಾಯೆ, ಲಿಂಚ್ ಬಾಜ್ ಮುಂತಾದವು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತವೆ. ಅವೂ ಚೆನ್ನಾಗಿಯೇ ಹಳೆಯದಾಗುತ್ತವೆ. ಇನ್ನೊಂದು ದಾರಿ ದೊಡ್ಡ ತೋಟಗಳ ಎರಡನೆಯ ವೈನು, ಎಂದರೆ ತೋಟದ ಮುಖ್ಯ ವೈನಿಗೆ ಆರಿಸಿಕೊಳ್ಳದೆ ಉಳಿದ ದ್ರಾಕ್ಷಿಯಿಂದ ಮಾಡಿದ್ದು. ಲಾತೂರ್‌ನವರು 1966ರ ಬೆಳೆಯಿಂದ ತಯಾರಿಸುತ್ತಿರುವ ‘ಲೆ ಫೋರ್ ದ ಲಾತೂರ್’ ಅಂಥದ್ದು, ಆದರೆ ಅದರ ಬೆಲೆಯೂ ಈಗ ಸಣ್ಣದಾಗಿ ಉಳಿದಿಲ್ಲ. ಮೊದಲ ಬಾರಿಗೆ ಈ ಹಾದಿ ತುಳಿಯುವವರಿಗೆ ನನ್ನ ಶಿಫಾರಸು ಐದನೆಯ ದರ್ಜೆಯ ಒಂದು ಒಳ್ಳೆಯ ವರ್ಷದ ಬಾಟಲಿ.

ಬೋರ್ದೊದಲ್ಲಿ ಲೇಬಲ್ಲಿನ ಮೇಲಿರುವ ವರ್ಷಕ್ಕೆ ತೋಟದ ಹೆಸರಿನಷ್ಟೇ ತೂಕ. ಅಲ್ಲಿ ಮಳೆ, ಹಿಮ, ಬಿಸಿಲುಗಳು ವರ್ಷದಿಂದ ವರ್ಷಕ್ಕೆ ಬಹಳ ಬದಲಾಗುತ್ತವೆ. 1961, 1982, 1990, 2000, 2005, 2009, 2010, 2016 ದೊಡ್ಡ ವರ್ಷಗಳೆಂದು ಹೆಸರಾದವು. ಇವುಗಳೊಳಗೂ ಗುಣಭೇದವುಂಟು: 2009 ಬಿಸಿಲು ತುಂಬಿದ, ಬೇಗ ಒಲಿಯುವ ವರ್ಷ, 2010ರಲ್ಲಿ ಹುಳಿಯೂ ಒಗರೂ ಎರಡೂ ಗಟ್ಟಿ, ಅದಕ್ಕಾಗಿ ಬಹುಕಾಲ ಕಾಯಬೇಕು. 2013 ತಂಪು, ತೇವದ ಕಷ್ಟದ ವರ್ಷ. ಹೆಸರಿಲ್ಲದ ವರ್ಷಗಳನ್ನು ಹೀಗಳೆಯುವುದು ತಪ್ಪು; ಅವು ಬೇಗ ಹದಕ್ಕೆ ಬರುತ್ತವೆ, ಅಗ್ಗವಾಗಿಯೂ ಇರುತ್ತವೆ.

ಹಳೆಯ ಬಾಟಲಿಯನ್ನೇ ಕೊಳ್ಳುವುದಾದರೆ ಅದು ಎಲ್ಲೆಲ್ಲಿ ಇತ್ತು ಎಂಬ ವಿವರವನ್ನು ಮೊದಲು ಕೇಳಬೇಕು. ಲೇಬಲ್ಲಿನ ಅಂದಕ್ಕಿಂತ ಬಾಟಲಿಯೊಳಗೆ ವೈನು ಎಲ್ಲಿಯವರೆಗೆ ತುಂಬಿದೆ ಎಂಬುದು ಹೆಚ್ಚು ಹೇಳುತ್ತದೆ. ಹತ್ತು ಹದಿನೈದು ವರ್ಷದ ಬಾಟಲಿಯಲ್ಲಿ ವೈನು ಕತ್ತಿನೊಳಗೇ ಇರಬೇಕು. ನಲವತ್ತು ವರ್ಷದ್ದರಲ್ಲಿ ಭುಜದ ಮೇಲ್ಭಾಗಕ್ಕೆ ಇಳಿದಿದ್ದರೆ ಸಹಜ. ಭುಜದ ನಡುವಿಗಿಂತ ಕೆಳಗಿದ್ದರೆ ಕಾರ್ಕ್ ಸೋತು ಗಾಳಿ ಒಳಗೆ ಹೊಕ್ಕಿದೆ ಎಂದೇ ಭಾವಿಸಿ ಬಿಟ್ಟುಬಿಡುವುದು ಲೇಸು. ಕಾರ್ಕ್ ಮುಂದಕ್ಕೆ ಉಬ್ಬಿದ್ದರೆ, ಮುಚ್ಚಳದ ಹಾಳೆಯ ಕೆಳಗಿನಿಂದ ಅಂಟು ಸೋರಿದ್ದರೆ ಬಾಟಲಿ ಬಿಸಿ ಕಂಡಿದೆ ಎಂದರ್ಥ. ವಿದೇಶದಿಂದ ಬರುವ ಪ್ರಯಾಣಿಕರು ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್, ಎಂದರೆ 750 ಮಿ.ಲೀ.ನ ಎರಡು ಬಾಟಲಿ. ಇಲ್ಲಿನ ಆಮದು ಸುಂಕವನ್ನು ಬಲ್ಲವರು ಈ ಎರಡು ಬಾಟಲಿಯ ಆಯ್ಕೆಯಲ್ಲಿ ಎಚ್ಚರ ವಹಿಸುತ್ತಾರೆ.

ಕಾಯುವುದು ಮತ್ತು ಕಾಯ್ದಿಡುವುದು

ಬಾಟಲಿಯೊಳಗೆ ವರ್ಷಗಟ್ಟಲೆ ನಡೆಯುವುದೇನೆಂದರೆ, ಟ್ಯಾನಿನ್ ಅಣುಗಳು ತಮ್ಮತಮ್ಮಲ್ಲೂ ಬಣ್ಣದ ಅಣುಗಳೊಂದಿಗೂ ಬೆಸೆದುಕೊಂಡು ಮಾರ್ಪಡುತ್ತವೆ, ಅವುಗಳಲ್ಲಿ ಕೆಲವು ಭಾರವಾಗಿ ಗಷ್ಟಾಗಿ ತಳ ಸೇರುತ್ತವೆ. ಅದರಿಂದ ಬಣ್ಣ ತಿಳಿಯಾಗುತ್ತದೆ, ಒಗರು ನಯವಾಗುತ್ತದೆ. ಹಣ್ಣಿನ ತಾಜಾ ವಾಸನೆ ಹಿಂದೆ ಸರಿದು ತಂಬಾಕು, ಚರ್ಮ, ಒಣ ಎಲೆಯಂಥ ಹೊಸ ವಾಸನೆಗಳು ಹುಟ್ಟುತ್ತವೆ. ಎಲ್ಲ ವೈನೂ ಹೀಗೆ ಬಾಳುವುದಿಲ್ಲ. ಜಗತ್ತಿನಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಮೂರ್ನಾಲ್ಕು ವರ್ಷದೊಳಗೆ ಕುಡಿದು ಮುಗಿಸಬೇಕಾದದ್ದು. ಒಗರು, ಹುಳಿ, ಹಣ್ಣಿನ ಸಾರ ಮೂರೂ ಸಾಕಷ್ಟಿದ್ದರೆ ಮಾತ್ರ ಕಾಯುವುದಕ್ಕೆ ಅರ್ಥ. ಬರೀ ಒಗರಿದ್ದು ಹಣ್ಣಿಲ್ಲದ ವೈನು 20 ವರ್ಷದ ಮೇಲೆ ಹಣ್ಣೂ ಇಲ್ಲದ, ಒಗರೂ ಹೋಗದ ಸೊರಗಿದ ದ್ರವವಾಗಿ ಉಳಿಯುತ್ತದೆ.

ಒಳ್ಳೆಯ ವರ್ಷದ ಐದನೆಯ ದರ್ಜೆಯ ಪೊಯಾಕ್‌ಗೆ 12ರಿಂದ 25 ವರ್ಷ, ಲಾತೂರ್‌ಗೆ ಕನಿಷ್ಠ 20 ವರ್ಷ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ನಡುವೆ, ಐದರಿಂದ ಹತ್ತನೆಯ ವರ್ಷದ ಸುಮಾರಿಗೆ, ಈ ವೈನುಗಳು ಬಾಯಿ ಕಟ್ಟಿಕೊಂಡು ಕೂರುವ ಒಂದು ಕಾಲವುಂಟು. ಎಳೆಯ ಹಣ್ಣಿನ ಸೊಗಸು ಹೋಗಿರುತ್ತದೆ, ಮುಪ್ಪಿನ ಸೊಗಸು ಇನ್ನೂ ಬಂದಿರುವುದಿಲ್ಲ. ಆಗ ತೆರೆದವರು ದುಡ್ಡು ಹಾಳಾಯಿತೆಂದು ಕೊರಗುವುದನ್ನು ನೋಡಿದ್ದೇನೆ. ಲಾತೂರ್‌ನ ಒಡೆಯರೇ ಈ ಕಾಯುವಿಕೆಯನ್ನು ತಮ್ಮ ಮೇಲೆ ಹೊತ್ತುಕೊಂಡಿದ್ದಾರೆ. ವೈನು ಪೀಪಾಯಿಯಲ್ಲಿರುವಾಗಲೇ ಮುಂಗಡವಾಗಿ ಮಾರುವುದು ಬೋರ್ದೊದ ರೂಢಿ. 1993ರಿಂದ ಫ್ರಾಂಸ್ವಾ ಪಿನೊ ಅವರ ಒಡೆತನದಲ್ಲಿರುವ ಲಾತೂರ್ 2012ರಲ್ಲಿ ಆ ರೂಢಿಯಿಂದ ಹೊರಬಂದು, ಕುಡಿಯಲು ಹದವಾಗುತ್ತಿದೆ ಎಂದು ತನಗೆ ತೋರಿದಾಗ ಮಾತ್ರ ಬಾಟಲಿಗಳನ್ನು ಹೊರಬಿಡತೊಡಗಿತು.

ಕಾಯ್ದಿಡುವ ಜಾಗ ಕತ್ತಲಾಗಿರಬೇಕು, ಅಲುಗಾಟವಿರಬಾರದು, ಉಷ್ಣತೆ 12ರಿಂದ 14 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರಬೇಕು, ಕಾರ್ಕ್ ಒಣಗದಂತೆ ತೇವಾಂಶ ಶೇ 70ರ ಹತ್ತಿರವಿರಬೇಕು, ಬಾಟಲಿ ಮಲಗಿರಬೇಕು. ನಮ್ಮ ಮನೆಗಳ ಅಟ್ಟ ಇದಕ್ಕೆ ಅತ್ಯಂತ ಕೆಟ್ಟ ಜಾಗ, ಏಕೆಂದರೆ ತಾರಸಿಯ ಬಿಸಿಯೆಲ್ಲ ಅಲ್ಲಿಗೇ ಇಳಿಯುತ್ತದೆ. ಅಡುಗೆಮನೆಯ ಫ್ರಿಜ್ ಕೂಡ ವರ್ಷಗಟ್ಟಲೆ ಇಡುವುದಕ್ಕೆ ತಕ್ಕದ್ದಲ್ಲ. ಅದು ಅತಿ ತಂಪು, ಅತಿ ಒಣ, ಸದಾ ನಡುಗುತ್ತಿರುತ್ತದೆ. ಬೆಂಗಳೂರಿನ ಹವೆ ಹಿತವೆಂದು ನಂಬಿ ಮಂಚದ ಕೆಳಗೆ ಇಟ್ಟರೆ ನಾಲ್ಕೈದು ಬೇಸಿಗೆ ಕಳೆಯುವಷ್ಟರಲ್ಲಿ ವೈನು ಬೆಂದ ಹಣ್ಣಿನಂತಾಗುತ್ತದೆ. ವೈನಿಗೆಂದೇ ಮಾಡಿದ ತಂಪುಪೆಟ್ಟಿಗೆ ಇಲ್ಲದವರು ಎಳೆಯ ಬಾಟಲಿ ಕೊಂಡು ಕಾಯುವ ಯೋಚನೆಯನ್ನೇ ಬಿಟ್ಟು, ಹದಕ್ಕೆ ಬಂದ ಬಾಟಲಿಯನ್ನು ಕೊಂಡು ಕೆಲವು ವಾರಗಳಲ್ಲಿ ತೆರೆಯುವುದೇ ಜಾಣತನ. ಲಂಡನ್ನಿನಂಥ ಊರಿನಲ್ಲಿರುವವರಿಗೆ ವ್ಯಾಪಾರಿಗಳ ಉಗ್ರಾಣದಲ್ಲೇ ವರ್ಷಕ್ಕಿಷ್ಟು ಬಾಡಿಗೆ ಕೊಟ್ಟು ಇಡಿಸುವ ಅನುಕೂಲವಿದೆ. ದೊಡ್ಡ ಬಾಟಲಿಯಲ್ಲಿ ವೈನು ನಿಧಾನವಾಗಿ ಮಾಗುತ್ತದೆ, 375 ಮಿ.ಲೀ.ನ ಅರೆಬಾಟಲಿಯಲ್ಲಿ ಬೇಗ. ಕಾಯಲು ಆಗದವರಿಗೆ ಅರೆಬಾಟಲಿ ಒಂದು ಉಪಾಯ.

ನಾಲಗೆಗೆ ಒಂದು ಪೂರ್ವಾಭ್ಯಾಸ

ಬಾಟಲಿ ತೆರೆಯುವ ಹಿಂದಿನ ದಿನ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಚಹಾಪುಡಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ಬಿಟ್ಟು, ಸಕ್ಕರೆ ಹಾಕದೆ, ಆರಿಸಿ, ಒಂದು ಗುಟುಕನ್ನು ಬಾಯಲ್ಲಿ ಹತ್ತು ಸೆಕೆಂಡು ಆಡಿಸಿ ನುಂಗಿ. ಕಹಿ ನಾಲಗೆಯ ಮೇಲೆ ಒಂದು ರುಚಿಯಾಗಿ ನಿಲ್ಲುತ್ತದೆ; ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ, ಒಸಡು ಮತ್ತು ಕೆನ್ನೆಯಲ್ಲಿ ಗೊತ್ತಾಗುತ್ತದೆ. ಈಗ ಅದೇ ಚಹಾಕ್ಕೆ ಎರಡು ಚಮಚ ಹಾಲು ಬೆರೆಸಿ ಮತ್ತೆ ಕುಡಿಯಿರಿ. ಒರಟುತನ ತಟ್ಟನೆ ಇಳಿದಿರುತ್ತದೆ, ಏಕೆಂದರೆ ಟ್ಯಾನಿನ್ ನಿಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿಯುವ ಬದಲು ಹಾಲಿನ ಪ್ರೋಟೀನನ್ನು ಹಿಡಿದುಕೊಂಡಿದೆ. ಪೀಪಾಯಿಯಲ್ಲಿ ಮೊಟ್ಟೆಯ ಬಿಳಿಭಾಗ ಮಾಡಿದ ಕೆಲಸವೂ ಇದೇ.

ದ್ರಾಕ್ಷಿಯ ಗುಣವನ್ನು ಮೊದಲೇ ಪರಿಚಯಿಸಿಕೊಳ್ಳಬೇಕೆಂದಿದ್ದರೆ ಅದು ನಮ್ಮ ನಂದಿಬೆಟ್ಟದ ತಪ್ಪಲಲ್ಲೇ ಸಿಗುತ್ತದೆ. ದೊಡ್ಡಬಳ್ಳಾಪುರದ ಗ್ರೋವರ್ ತೋಟದಲ್ಲಿ ಕಾಬರ್ನೆ ಸೋವಿನ್ಯೋನ್ ಬೆಳೆಯುತ್ತಾರೆ, ಬೋರ್ದೊದ ಬಲದಂಡೆಯ ಪೊಮೆರೋಲ್‌ನ ತಜ್ಞ ಮಿಶೆಲ್ ರೋಲಾಂ 1990ರ ದಶಕದಲ್ಲಿ ಅದರ ಸಲಹೆಗಾರರಾದರು. ಕಾಬರ್ನೆ ಮತ್ತು ಶಿರಾಜ್ ಬೆರೆತ ಅವರ ‘ಲಾ ರಿಸರ್ವ್’ ಪೊಯಾಕ್‌ಗೆ ಸಾಟಿಯೆಂದು ನಾನು ಹೇಳುವುದಿಲ್ಲ. ಬೇರೆ ಬಿಸಿಲು, ಬೇರೆ ಮಣ್ಣು. ಕಪ್ಪುಹಣ್ಣು, ಓಕ್, ಒಗರು ಎಂಬ ಮೂರು ಎಳೆಗಳನ್ನು ಬಿಡಿಸಿ ಗುರುತಿಸುವ ಅಭ್ಯಾಸಕ್ಕೆ ಅದು ಸಾಕು.

ತೆರೆಯುವ ದಿನ

ಮಲಗಿದ್ದ ಬಾಟಲಿಯನ್ನು ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಪಕ್ಕಕ್ಕೆ ಅಂಟಿದ ಗಷ್ಟು ತಳಕ್ಕೆ ಇಳಿಯಬೇಕು. ಹಿಂದೊಮ್ಮೆ ಸ್ನೇಹಿತರೊಬ್ಬರು ತಂದುಕೊಟ್ಟ ಹಳೆಯ ಬಾಟಲಿಯನ್ನು ಸ್ಕೂಟರಿನಲ್ಲಿ ಮನೆಗೆ ಒಯ್ದು ಅದೇ ಸಂಜೆ ತೆರೆದು, ಕೆಸರುನೀರಿನಂಥದ್ದನ್ನು ಎಂಟು ಜನಕ್ಕೆ ಬಡಿಸಿದ ಮೇಲೆ ನಾನು ಕಲಿತ ಪಾಠವಿದು. ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಪ್ರಸಿದ್ಧ ಮಾತು ಯೂರೋಪಿನ ಹಳೆಯ ಕಲ್ಲುಮನೆಗಳ ಕೋಣೆಯನ್ನು ಕುರಿತದ್ದು, ನಮ್ಮ ಏಪ್ರಿಲ್ ತಿಂಗಳ ಪಡಸಾಲೆಯನ್ನಲ್ಲ. ಗ್ಲಾಸಿನಲ್ಲಿ ಅದು 16ರಿಂದ 18 ಡಿಗ್ರಿ ಇರಬೇಕು. ಹೊರಗೆ ಇಟ್ಟಿದ್ದ ಬಾಟಲಿಯಾದರೆ ನಿಂತ ಭಂಗಿಯಲ್ಲೇ ಫ್ರಿಜ್ಜಿನಲ್ಲಿ ಒಂದು ಒಂದೂವರೆ ಗಂಟೆ ಇಟ್ಟು ತೆಗೆಯಿರಿ. ಬೆಚ್ಚಗಿದ್ದರೆ ಮದ್ಯಸಾರದ ಘಾಟು ಮೂಗಿಗೆ ಹೊಡೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ, ತೀರ ತಣ್ಣಗಿದ್ದರೆ ಒಗರು ಇರುವುದಕ್ಕಿಂತ ಹೆಚ್ಚು ಗಡುಸಾಗಿ ತೋರುತ್ತದೆ.

ಇಪ್ಪತ್ತು ವರ್ಷ ದಾಟಿದ ಕಾರ್ಕ್ ಮೆತ್ತಗಾಗಿರುತ್ತದೆ; ತಿರುಪು ಹಾಕಿ ಎಳೆದರೆ ನಡುವೆ ಮುರಿಯುತ್ತದೆ. ಕಾರ್ಕಿನ ಎರಡೂ ಬದಿಗೆ ತೆಳುವಾದ ಎರಡು ಪಟ್ಟಿಗಳನ್ನು ಇಳಿಸಿ, ಹೊರಳಿಸುತ್ತ ಮೇಲೆತ್ತುವ ಸಾಧನ ಇಂಥದ್ದಕ್ಕೆಂದೇ ಇದೆ. ಮುರಿದರೂ ಗಾಬರಿ ಬೇಡ, ಉಳಿದ ತುಂಡನ್ನು ಒಳಕ್ಕೆ ತಳ್ಳಿ ತೆಳು ಮಲ್‌ಬಟ್ಟೆಯಲ್ಲಿ ಸೋಸಿಕೊಂಡರಾಯಿತು, ಆದರೆ ಆ ಬಟ್ಟೆಯಲ್ಲಿ ಸಾಬೂನಿನ ವಾಸನೆ ಇರಬಾರದು. ನಂತರ ವೈನನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು. ಡಿಕ್ಯಾಂಟರ್ ಇಲ್ಲದಿದ್ದರೆ ಸ್ವಚ್ಛವಾದ ಗಾಜಿನ ಹೂಜಿ ಸಾಕು. ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿಯನ್ನೋ ಮೊಬೈಲಿನ ಟಾರ್ಚನ್ನೋ ಇಟ್ಟುಕೊಂಡು, ಒಂದೇ ಓಟದಲ್ಲಿ, ನಿಲ್ಲಿಸದೆ, ನಿಧಾನವಾಗಿ ಸುರಿಯಿರಿ. ಕತ್ತಿನೊಳಗೆ ಹೊಗೆಯಂಥ ಕಪ್ಪು ಎಳೆ ಬರತೊಡಗಿದ ಕ್ಷಣ ನಿಲ್ಲಿಸಿ.

ಎಷ್ಟು ಹೊತ್ತು ಗಾಳಿಯಾಡಲು ಬಿಡಬೇಕು ಎಂಬುದು ವಯಸ್ಸನ್ನು ಅವಲಂಬಿಸಿದೆ. ಹತ್ತರಿಂದ ಹದಿನೈದು ವರ್ಷದ ಗಟ್ಟಿ ಪೊಯಾಕ್‌ಗೆ ಎರಡು ಮೂರು ಗಂಟೆ ಬೇಕು. ಮೂವತ್ತು ದಾಟಿದ್ದನ್ನು ಗಷ್ಟು ಬೇರ್ಪಡಿಸಿದ ಕೂಡಲೇ ಬಡಿಸಬೇಕು. ಅಷ್ಟು ಹಳೆಯ ವೈನಿನ ಸುವಾಸನೆ ಅರ್ಧ ಗಂಟೆಯಲ್ಲೇ ಆರಿಹೋಗಬಹುದು. ಅನುಮಾನವಿದ್ದರೆ ತೆರೆದ ತಕ್ಷಣ ಒಂದು ಚಮಚದಷ್ಟು ಕುಡಿದು ನೋಡಿ ನಿರ್ಧರಿಸಿ.

ನೋಡುವುದು, ಮೂಸುವುದು, ಕುಡಿಯುವುದು

ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ದೊಡ್ಡ ಗ್ಲಾಸಿನಲ್ಲಿ ಮೂರನೆಯ ಒಂದು ಭಾಗದಷ್ಟು ಮಾತ್ರ ಸುರಿದು, ಬಿಳಿಯ ಕಾಗದದ ಮೇಲೆ ಓರೆಯಾಗಿ ಹಿಡಿಯಿರಿ. ನಡುವಿನ ಬಣ್ಣಕ್ಕಿಂತ ಅಂಚಿನ ಬಣ್ಣ ವಯಸ್ಸನ್ನು ಹೇಳುತ್ತದೆ. ಎಳೆಯದರ ಅಂಚು ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣ. ಹತ್ತು ಹದಿನೈದರಲ್ಲಿ ದಾಳಿಂಬೆಗೆ ತಿರುಗುತ್ತದೆ. ಮೂವತ್ತರ ಹೊತ್ತಿಗೆ ಸುಟ್ಟ ಇಟ್ಟಿಗೆ. ಹತ್ತು ವರ್ಷದ ವೈನಿಗೆ ಆಗಲೇ ಇಟ್ಟಿಗೆ ಬಣ್ಣ ಬಂದಿದ್ದರೆ ಅದನ್ನು ಸರಿಯಾಗಿ ಇಟ್ಟಿರಲಿಲ್ಲ ಎಂಬ ಸಂಶಯ ಪಡಬೇಕು.

ಮೂಸುವಾಗ ಮೊದಲು ಗ್ಲಾಸನ್ನು ಅಲುಗಿಸದೆ ಮೂಸಿ, ಆಮೇಲೆ ಎರಡು ಸುತ್ತು ತಿರುಗಿಸಿ ಮೂಸಿ. ಪುಸ್ತಕಗಳು ಹೇಳುವ ಕಪ್ಪು ಕರಂಟ್ ಹಣ್ಣನ್ನು ನಮ್ಮಲ್ಲಿ ಬಹುಪಾಲು ಜನ ಕಂಡಿಲ್ಲ, ಕಾಣದ ಹಣ್ಣಿನ ಹೆಸರನ್ನು ಬಾಯಿಪಾಠ ಹೇಳುವುದರಿಂದ ಪ್ರಯೋಜನವಿಲ್ಲ. ಮಾಗಿದ ನೇರಳೆ, ಕವಳಿ ಹಣ್ಣು, ಕಪ್ಪು ದ್ರಾಕ್ಷಿ, ಇವುಗಳಲ್ಲಿ ಯಾವುದರ ಕಡೆಗೆ ವಾಲುತ್ತದೆ ಎಂದು ಕೇಳಿಕೊಳ್ಳಿ. ಆಗತಾನೆ ಚೂಪುಮಾಡಿದ ಪೆನ್ಸಿಲ್ಲಿನ ಸಿಪ್ಪೆಯ ವಾಸನೆ ಪೊಯಾಕ್‌ನ ಗುರುತುಗಳಲ್ಲಿ ಒಂದು, ಶಾಲೆಗೆ ಹೋದವರೆಲ್ಲರಿಗೂ ಗೊತ್ತಿರುವಂಥದ್ದು. ಹೆಚ್ಚಿದ ದೊಣ್ಣೆ ಮೆಣಸಿನಕಾಯಿಯ ಹಸಿರು ವಾಸನೆ ಸುಳಿದರೆ ಆ ವರ್ಷ ಕಾಬರ್ನೆ ಪೂರ್ತಿ ಹಣ್ಣಾಗಿರಲಿಲ್ಲ. ಸ್ವಲ್ಪವಿದ್ದರೆ ಅದು ತಾಜಾತನವೆನಿಸುತ್ತದೆ, ಹೆಚ್ಚಾದರೆ ದೋಷ. ಹಳೆಯದರಲ್ಲಿ ಒಣ ಹೊಗೆಸೊಪ್ಪು, ಹಳೆಯ ಚರ್ಮದ ಚೀಲ, ಅಣಬೆ, ಮೊದಲ ಮಳೆ ಬಿದ್ದ ಮೇಲೆ ಕಾಡಿನ ತರಗೆಲೆ, ಇವು ಒಂದೊಂದಾಗಿ ಏಳುತ್ತವೆ. ಒಂದೇ ಸಲಕ್ಕೆ ಎಲ್ಲವೂ ಸಿಗಬೇಕೆಂದಿಲ್ಲ. ಪಟ್ಟಿ ತುಂಬಿಸುವ ಹಟ ಸವಿಯುವುದಕ್ಕೆ ಅಡ್ಡಿ.

ಇಷ್ಟಾದ ಮೇಲೆ ಗುಟುಕು. ಒಂದು ದೊಡ್ಡ ಚಮಚದಷ್ಟನ್ನು ಬಾಯಿಗೆ ತೆಗೆದುಕೊಂಡು, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಂಡು, ನಾಲಗೆಯ ಮೇಲೂ ಕೆನ್ನೆಗಳ ಕಡೆಗೂ ಹರಿಸಿ. ಮೊದಲು ಹಣ್ಣು, ಹಿಂದೆಯೇ ಬಾಯಲ್ಲಿ ನೀರೂರಿಸುವ ಹುಳಿ, ಕೊನೆಗೆ ಒಗರು ಬರುತ್ತದೆ. ಒಗರು ಎಷ್ಟಿದೆ ಎಂಬುದಕ್ಕಿಂತ ಅದರ ಕಣ ಎಷ್ಟು ನಯ ಎಂಬುದನ್ನು ಗಮನಿಸುವುದು ಇಡೀ ಕಲೆಯ ತಿರುಳು. ನಾನು ಇದಕ್ಕೆ ಅಡುಗೆಮನೆಯ ಅಳತೆಯನ್ನೇ ಬಳಸುತ್ತೇನೆ: ಎಳೆಯ ಪೊಯಾಕ್‌ನ ಒಗರು ಬನ್ಸಿ ರವೆಯಂತೆ ಕಾಳುಕಾಳಾಗಿ ಒಸಡಿಗೆ ತಾಗುತ್ತದೆ, ಹತ್ತು ವರ್ಷಕ್ಕೆ ಚಿರೋಟಿ ರವೆ, ಹದಕ್ಕೆ ಬಂದಾಗ ವಸ್ತ್ರಗಾಲಿತ ಮಾಡಿದ ಹಿಟ್ಟು. ಆ ಹಂತದಲ್ಲಿ ಒಗರು ಇರುತ್ತದೆ, ಆದರೆ ಚುಚ್ಚುವುದಿಲ್ಲ. ಹಣ್ಣಿಗೆ ಬೆನ್ನೆಲುಬಿನಂತೆ ನಿಂತಿರುತ್ತದೆ. ಲಾತೂರ್‌ನ ಮುಖ್ಯ ವೈನಿನಲ್ಲಿ ಕಾಬರ್ನೆಯ ಪಾಲು ಇತ್ತೀಚಿನ ಒಳ್ಳೆಯ ವರ್ಷಗಳಲ್ಲಿ ಶೇ 90ರ ಆಸುಪಾಸಿನಲ್ಲಿರುತ್ತದೆ. ಮೆರ್ಲೊ ದ್ರಾಕ್ಷಿಯ ಮೆದುತನ ಬೆರೆಯುವುದು ಸ್ವಲ್ಪವೇ. ಅದು ಇಷ್ಟು ಕಾಲ ಕಾಯಿಸುವುದಕ್ಕೆ ಇದೂ ಒಂದು ಕಾರಣ.

ನುಂಗಿದ ಮೇಲೆ ಗಡಿಯಾರ ನೋಡಿ. ರುಚಿ ಬಾಯಲ್ಲಿ ಎಷ್ಟು ಸೆಕೆಂಡು ಉಳಿಯಿತು ಎಂಬುದನ್ನು ಫ್ರೆಂಚರು ‘ಕೋದಾಲಿ’ ಎಂದು ಎಣಿಸುತ್ತಾರೆ, ಒಂದು ಸೆಕೆಂಡಿಗೆ ಒಂದು ಕೋದಾಲಿ. ಸಾಧಾರಣ ವೈನು ಐದಾರಕ್ಕೆ ಮುಗಿಯುತ್ತದೆ. ಎಣಿಸುವಾಗ ಒಂದು ಎಚ್ಚರ: ಉಳಿದದ್ದು ಹಣ್ಣಿನ ಪರಿಮಳವೋ ಬರೀ ಒಗರೋ ಎಂದು ಬೇರ್ಪಡಿಸಬೇಕು. ಬರೀ ಒಗರು ಉಳಿದರೆ ಆ ಬಾಟಲಿಯ ಜೊತೆಯವನ್ನು ಇನ್ನೂ ಐದು ವರ್ಷ ಮುಟ್ಟಬೇಡಿ.

ದೋಷವಿದ್ದರೆ

ಬೆಲೆ ಹೆಚ್ಚಾದ ಬಾಟಲಿಯಲ್ಲಿ ದೋಷ ಕಂಡರೂ ಬಾಯಿಬಿಟ್ಟು ಹೇಳಲು ಜನ ಹಿಂಜರಿಯುತ್ತಾರೆ. ಮುಖ್ಯವಾದದ್ದು ಕಾರ್ಕಿನಿಂದ ಬರುವ ಮುಗ್ಗಲು: ಮಳೆಗಾಲದಲ್ಲಿ ಒಣಗದ ಗೋಣಿಚೀಲ, ಒದ್ದೆ ರಟ್ಟಿನ ವಾಸನೆ. ಟ್ರೈಕ್ಲೋರೊಅನಿಸೋಲ್ ಎಂಬ ಸಂಯುಕ್ತ ಇದಕ್ಕೆ ಕಾರಣ, ಅತಿ ಸೂಕ್ಷ್ಮ ಪ್ರಮಾಣದಲ್ಲೂ ಅದು ಹಣ್ಣಿನ ವಾಸನೆಯನ್ನೆಲ್ಲ ನುಂಗುತ್ತದೆ. ಗಾಳಿಯಾಡಲು ಬಿಟ್ಟರೆ ಇದು ಹೋಗುವುದಿಲ್ಲ, ಹೆಚ್ಚುತ್ತದೆ. ಹೋಟೆಲಿನಲ್ಲಾದರೆ ಬಾಟಲಿಯನ್ನು ಹಿಂದಿರುಗಿಸುವುದು ನಿಮ್ಮ ಹಕ್ಕು. ಇದಕ್ಕೆ ವ್ಯತಿರಿಕ್ತವಾಗಿ, ಹಳೆಯ ಬಾಟಲಿ ತೆರೆದಾಗ ಬರುವ ಬೂಸಲು ಕೋಣೆಯಂಥ ವಾಸನೆ ಹತ್ತು ನಿಮಿಷದಲ್ಲಿ ತಾನಾಗಿ ಹೋಗುತ್ತದೆ. ಆತುರದ ತೀರ್ಪು ಬೇಡ. ಕುದುರೆಲಾಯದ ವಾಸನೆ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟಿನದು. ಎಳ್ಳಷ್ಟಿದ್ದರೆ ಹಳೆಯ ಬೋರ್ದೊ ಪ್ರಿಯರು ಅದನ್ನು ಮೆಚ್ಚುವುದೂ ಉಂಟು, ನನಗೆ ಒಗ್ಗಿಲ್ಲ.

ಜೊತೆಗೆ ಏನು ತಿನ್ನಬೇಕು

ಪೊಯಾಕ್‌ನವರು ತಮ್ಮ ವೈನಿನೊಂದಿಗೆ ಅದೇ ಸೀಮೆಯ ಎಳೆಯ ಕುರಿಮರಿಯ ಮಾಂಸವನ್ನು ಸುಟ್ಟು ತಿನ್ನುತ್ತಾರೆ. ಮೊಟ್ಟೆಯ ಬಿಳಿ, ಹಾಲು, ಜೊಲ್ಲು ಎಂದು ಮೇಲೆ ಹೇಳಿದ ತತ್ತ್ವವೇ ಇಲ್ಲೂ ನಡೆಯುತ್ತದೆ: ಮಾಂಸದ ಪ್ರೋಟೀನೂ ಜಿಡ್ಡೂ ಒಗರನ್ನು ಹಿಡಿದು ವೈನನ್ನು ಮೆದುವಾಗಿಸುತ್ತವೆ, ವೈನಿನ ಹುಳಿ ಬಾಯ ಜಿಡ್ಡನ್ನು ತೊಳೆಯುತ್ತದೆ. ನಮ್ಮ ಮಟನ್ ಸಾರಿನೊಂದಿಗೆ ಇದನ್ನು ಕುಡಿಯಬೇಡಿ ಎಂದು ಹೇಳಲು ಸಂಕಟವಾಗುತ್ತದೆ, ಆದರೆ ಹೇಳಲೇಬೇಕು. ಒಣಮೆಣಸಿನಕಾಯಿಯ ಖಾರ ಒಗರನ್ನೂ ಮದ್ಯಸಾರದ ಉರಿಯನ್ನೂ ಇಮ್ಮಡಿಗೊಳಿಸುತ್ತದೆ, ಹುಣಸೆಹುಳಿಯ ಮುಂದೆ ವೈನು ನೀರಾಗುತ್ತದೆ. ಉಪ್ಪು, ಸ್ವಲ್ಪ ಕಾಳುಮೆಣಸು, ಬೆಳ್ಳುಳ್ಳಿ ಮಾತ್ರ ಹಾಕಿ ಹದವಾಗಿ ಹುರಿದ ಕುರಿಮಾಂಸ ಸರಿಹೋಗುತ್ತದೆ. ಸಸ್ಯಾಹಾರಿಗಳು ಬೆಣ್ಣೆಯಲ್ಲಿ ನಿಧಾನವಾಗಿ ಹುರಿದ ಅಣಬೆ, ಉಪ್ಪು ಮಿತವಾಗಿರುವ ಗಟ್ಟಿ ಚೀಸಿನೊಂದಿಗೆ ಸವಿಯಬಹುದು. ವೈನು ಹಳೆಯದಾದಷ್ಟೂ ಅಣಬೆ ಅದಕ್ಕೆ ಹೊಂದುತ್ತದೆ. ಮೂವತ್ತು ದಾಟಿದ ಬಾಟಲಿಯಾದರೆ ನಾನು ಬ್ರೆಡ್ಡಿನ ಹೊರತು ಬೇರೇನೂ ಮುಂದಿಡುವುದಿಲ್ಲ. ಸಿಹಿಯಂತೂ ಹತ್ತಿರವೇ ಬರಬಾರದು.

ಒಂದು ಬಾಟಲಿಗೆ ಆರು ಜನ ಸಾಕು, ಪ್ರತಿಯೊಬ್ಬರಿಗೂ ಸುಮಾರು 120 ಮಿ.ಲೀ. ಸಿಗುತ್ತದೆ. ಅದನ್ನು ಒಮ್ಮೆಗೇ ಬಡಿಸದೆ, ಮೂರು ಪಾಲು ಮಾಡಿ ಒಂದೂವರೆ ಗಂಟೆಯ ಅವಧಿಯಲ್ಲಿ ಹಂಚಿ, ಪ್ರತಿ ಪಾಲಿಗೂ ಹೊತ್ತನ್ನೂ ಒಗರಿನ ಕಣವನ್ನೂ ಒಂದೊಂದು ಸಾಲು ಬರೆದಿಟ್ಟುಕೊಳ್ಳಿ. ಮೊದಲ ಪಾಲಿನಲ್ಲಿ ಬಿಗಿದುಕೊಂಡಿದ್ದ ವೈನು ಮೂರನೆಯದರಲ್ಲಿ ಬಿಚ್ಚಿಕೊಂಡಿದ್ದರೆ, ಅದೇ ವರ್ಷದ ಮುಂದಿನ ಬಾಟಲಿಯನ್ನು ಒಂದು ಗಂಟೆ ಮೊದಲೇ ಬಗ್ಗಿಸಿಡಬೇಕೆಂದು ಆ ಚೀಟಿ ಹೇಳುತ್ತದೆ. ಮೂರನೆಯದರಲ್ಲಿ ಸಪ್ಪೆಯಾಗಿದ್ದರೆ ತೆರೆದ ಕೂಡಲೇ ಬಡಿಸಬೇಕೆಂದು. ಬಾಟಲಿಯ ತಳದಲ್ಲಿ ಉಳಿದ ಬೆರಳಗಲದ ಗಷ್ಟನ್ನು ಚೆಲ್ಲುವ ಮೊದಲು ಬೆರಳ ತುದಿಗೆ ಹಚ್ಚಿಕೊಂಡು ನೋಡಿ. ಇಪ್ಪತ್ತು ವರ್ಷಗಳಲ್ಲಿ ವೈನು ಬಿಟ್ಟುಕೊಟ್ಟ ಒಗರಿನ ಒಂದಷ್ಟು ಅಲ್ಲಿ ಕಪ್ಪಗೆ, ಕಾಫಿಯ ಚರಟದಂತೆ ಕೂತಿರುತ್ತದೆ.